ಮೂರನೆಯ ಸಾಲು

ರಮಾ ಅವರ ಮನೆಯಲ್ಲಿ, ರಮಾ ಅವರನ್ನೇ ಎದುರಿಗೆ ಕೂರಿಸಿಕೊಂಡು, ಅವರ ಹಳೆಯ ಕ್ಯಾಸೆಟ್ಟು ಹಾಕಿ ಕೇಳುವುದೆಂದು ನಾವು ತೀರ್ಮಾನ ಮಾಡಿದ್ದು ಯಾರ ಕೆಟ್ಟತನದಿಂದಲೂ ಅಲ್ಲ. ಪೂರ್ತಿ ಪ್ರೀತಿಯಿಂದಲೇ. ಪ್ರೀತಿ ಹೀಗೂ ಮಾಡಿಸುತ್ತದೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಕ್ಯಾಂಪ್‌ಬೆಲ್ಲಿನ ಆ ಮನೆಯಲ್ಲಿ ತಿಂಗಳಿಗೊಂದು ಶನಿವಾರ ಕಾವ್ಯವಾಚನ ನಡೆಯುತ್ತಿತ್ತು. ರಮಾ ರಾಗವಾಗಿ ಪದ್ಯ ಓದುವರು, ಅವರ ಗಂಡ ಶೇಷಗಿರಿ ಅದರ ಅರ್ಥ ಹೇಳುವರು. ಮೈಸೂರಿನಲ್ಲಿ ರಮಾ ಅವರ ತಂದೆ ದೇವಸ್ಥಾನದ ಜಗಲಿಯ ಮೇಲೆ ಓದುತ್ತಿದ್ದರಂತೆ. ನಾನು ಮಂಡ್ಯದ ಕಡೆಯವಳು. ನಮ್ಮೂರಿನ ಚಾವಡಿಯಲ್ಲಿ ತಾತನ ತೊಡೆಯ ಮೇಲೆ ಕೂತು ಕೇಳಿ ಬೆಳೆದವಳು. ರಾಗವಾಗಿ ಓದಲು ಬರುವುದಿಲ್ಲ, ಕೇಳಲು ಬರುತ್ತದೆ. ಫ್ರೀಮಾಂಟಿನಲ್ಲಿ ಒಂದು ನೆಟ್‌ವರ್ಕ್ ಕಂಪನಿಯ ಟೆಸ್ಟಿಂಗ್ ಲ್ಯಾಬಿನಲ್ಲಿ ವಾರವಿಡೀ ಡಬ್ಬಗಳ ಬೀಪ್ ಬೀಪ್ ಕೇಳುತ್ತಿದ್ದವಳಿಗೆ ಆ ಶನಿವಾರದ ಸಂಜೆ ದೇವರು ಕಿವಿ ತೊಳೆದು ಕಳಿಸಿದ ಹಾಗಿರುತ್ತಿತ್ತು. ನನ್ನ ಹೆಸರು ಜವರಮ್ಮ. ಆಫೀಸಿನಲ್ಲಿ ಅದನ್ನು ಕತ್ತರಿಸಿ ‘ಜಾವಾ’ ಮಾಡಿಕೊಂಡಿದ್ದರು. ಆಗ ಆ ಹೆಸರಿನ ಕಂಪ್ಯೂಟರ್ ಭಾಷೆಗೆ ಇದ್ದ ಬೆಲೆ ನೋಡಿ ನಾನೂ ಸುಮ್ಮನಿದ್ದೆ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ರಮಾ ಅವರ ಕುತ್ತಿಗೆಯ ಥೈರಾಯ್ಡ್ ಗೆಡ್ಡೆ ತೆಗೆದರು. ಗೆಡ್ಡೆ ಕೆಟ್ಟದ್ದಲ್ಲವೆಂದು ಗೊತ್ತಾದ ದಿನ ನಾವೆಲ್ಲ ತುಪ್ಪದ ದೀಪ ಹಚ್ಚಿದೆವು. ಆದರೆ ಗಂಟಲಿನ ಒಂದು ಪಕ್ಕದ ನರ ಸೋತುಹೋಯಿತು. ಹೀಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ದನಿ ಬಂತು, ಆದರೆ ಗಾಳಿ ಸೋರುವ ತಿದಿಯ ಹಾಗೆ ಬಂತು. ಎರಡು ಮಾತಿಗೆ ಉಸಿರು ಮುಗಿಯುತ್ತಿತ್ತು. ಡಾಕ್ಟರು, “ಮಾತಾಡಿ, ಹಾಡಿ, ಸುಸ್ತಾದರೆ ನಿಲ್ಲಿಸಿ. ಹಳೆಯ ದನಿಯೇ ಬರಲಿ ಎಂದು ಮಾತ್ರ ಕಾಯಬೇಡಿ” ಎಂದಿದ್ದರು. ನಾವು ಮಾಡಿದ್ದು ಅದರ ತಲೆಕೆಳಗು. ಒಬ್ಬರು ಮೆಣಸಿನ ಕಷಾಯ ತಂದರು, ಒಬ್ಬರು ಮಫ್ಲರು ತಂದರು, ಎಲ್ಲರೂ ಸೇರಿ “ಮಾತಾಡ್ಬೇಡಿ, ಮಾತಾಡ್ಬೇಡಿ” ಎಂದೆವು. ಬಾಗಿಲು ತೆರೆದರೆ ಯಾರಾದರೂ ಓಡಿಹೋಗಿ ಮುಚ್ಚುವರು, ಗಾಳಿ ಗಂಟಲಿಗೆ ಬಡಿದೀತು ಎಂದು.

ನವೆಂಬರಿನ ಆ ಶನಿವಾರ ಕ್ಯಾಸೆಟ್ಟು ಹಾಕಿದ್ದರು. ಅಂಬಿಗನ ಕಥೆ. ಕಾವೇರಿ ದಂಡೆಯ ಊರುಗಳಲ್ಲಿ ಓದುವ, ಬರೆದವರಾರೋ ಯಾರಿಗೂ ಗೊತ್ತಿಲ್ಲದ ಒಂದು ಹಳೆಯ ಷಟ್ಪದಿ ಅದು. ಹೊಳೆ ತುಂಬಿ ಬಂದ ದಿನ ಗಂಡ ದೋಣಿ ಹಾಕಿಕೊಂಡು ಆಚೆ ದಡದಲ್ಲಿ ಸಿಕ್ಕಿಬಿದ್ದ ಭಕ್ತರನ್ನು ಕರೆತರಲು ಹೋಗುತ್ತಾನೆ. ಹೆಂಡತಿ ಈ ದಡದಲ್ಲಿ ನಿಂತು ಕರೆಯುತ್ತಾಳೆ. ಟೇಪ್‌ರೆಕಾರ್ಡರಿನೊಳಗೆ ರಮಾ ಅವರ ಹಳೆಯ ದನಿ ಮೊಳಗುತ್ತಿತ್ತು. ಪದ್ಯ ಮುಗಿದೊಡನೆ ಶೇಷಗಿರಿ ಟೇಪು ನಿಲ್ಲಿಸುವ ಪಾಜ್ ಗುಂಡಿ ಒತ್ತುವರು, ಅರ್ಥ ಹೇಳುವರು, ಮತ್ತೆ ಒತ್ತುವರು. ರಮಾ ಶಾಲು ಸುತ್ತಿಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದರು. ಕ್ಯಾಸೆಟ್ಟಿನ ರಮಾ ಉಸಿರೆಳೆದಾಗ ಇವರ ಎದೆಯೂ ಏಳುತ್ತಿತ್ತು.

ಮುಗಿದ ಮೇಲೆ ಬಂಗಾರೆವ್ವ ಕಣ್ಣೊರೆಸಿಕೊಂಡರು. ಫ್ರೀಮಾಂಟಿನ ಮಧುಕರ್ ಅವರ ತಾಯಿ ಅವರು. ಧಾರವಾಡದ ಕಡೆಯಿಂದ ಮಗನ ಮನೆಗೆ ಬಂದಿದ್ದರು. ಎದ್ದು ಬಂದು ರಮಾ ಅವರ ಗಲ್ಲ ಹಿಡಿದು, ಆಮೇಲೆ ಟೇಪ್‌ರೆಕಾರ್ಡರಿನ ತಲೆ ಸವರಿ ಹೇಳಿದರು:

“ಯವ್ವಾ, ಅಳಬ್ಯಾಡ. ನಿನ್ನ ದನಿ ಎಲ್ಲಿ ಹೋಗೇತಿ? ಇಲ್ಲೇ ಐತಿ ನೋಡು, ಗಟ್ಟಿಮುಟ್ಟ.”

ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ರಮಾ ಹಿಂದೆಯೇ ಬಂದರು. ಸಿಂಕಿನ ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಕೇಳಿದರು:

“ಜವರಮ್ಮ, ನಾನು ಬದುಕಿದ್ದೀನಿ ಅಲ್ವಾ?”

“ಬಿಡ್ತು ಅನ್ನಿ! ಇದೇನ್ ಮಾತು ಅಂತ ಆಡ್ತೀರಿ?”

“ಮತ್ತೆ ಬದುಕಿರೋರ ಎದುರಿಗೆ ಅವರ ಕ್ಯಾಸೆಟ್ಟು ಯಾಕೆ ಹಾಕ್ತೀರಿ? ಪಕ್ಕಕ್ಕೆ ಒಂದು ಫೋಟೋ ಇಟ್ಟು ಹಾರ ಹಾಕಿದ್ರೆ ಸರಿಹೋಗ್ತಿತ್ತು.” ಅಷ್ಟಕ್ಕೇ ಏದುಸಿರು ಬಂತು. ಸುಧಾರಿಸಿಕೊಂಡು, “ಸಂಕ್ರಾಂತಿಗೆ ಮಧುಕರ್ ಮನೇಲಿ ಓದೋಳು ನಾನೇ” ಎಂದರು.

ಶೇಷಗಿರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಒಳ್ಳೆಯ ಮನುಷ್ಯ. ಆ ದಿನಗಳಲ್ಲಿ ಇಸವಿ ಎರಡು ಸಾವಿರಕ್ಕೆ ತಿರುಗಿದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಅವರ ಸೊಂಟದಲ್ಲಿ ಸದಾ ಎರಡು ಪೇಜರು.

“ಮುಂದಿನ ವರ್ಷ ನೋಡೋಣ ರಮಾ.”

“ಮುಂದಿನ ವರ್ಷ ಅನ್ನೋದಕ್ಕೆ ಒಂದೂವರೆ ತಿಂಗಳಿದೆ. ಸಂಕ್ರಾಂತಿ ಮುಂದಿನ ವರ್ಷಾನೇ.”

“ತಮಾಷೆ ಅಲ್ಲ. ಜನರ ಮುಂದೆ ಮಧ್ಯದಲ್ಲಿ ದನಿ ಬಿದ್ದುಹೋದ್ರೆ ನೀನು ಇನ್ನು ಯಾವತ್ತೂ ವ್ಯಾಸಪೀಠದ ಮುಂದೆ ಕೂರಲ್ಲ. ನೀನು ಎಂಥವಳು ಅಂತ ನನಗೆ ಗೊತ್ತು. ಅದಕ್ಕಿಂತ ಕ್ಯಾಸೆಟ್ಟೇ ವಾಸಿ.”

ರಮಾ ನಲ್ಲಿ ನಿಲ್ಲಿಸಿದರು. ಗಂಡ ಹೇಳಿದ್ದು ಸುಳ್ಳಲ್ಲ ಎಂದು ಅವರ ಮುಖದಲ್ಲೇ ಕಾಣುತ್ತಿತ್ತು. ಅವರಿಗೆ ಇದ್ದದ್ದು ಇನ್ನೊಂದೇ ಸರದಿ. ಅದರಲ್ಲಿ ಬಿದ್ದರೆ ಮತ್ತೆ ಏಳುವ ಧೈರ್ಯ ಅವರಲ್ಲಿರಲಿಲ್ಲ.

ಅವರ ಮನೆಯಿಂದ ಎರಡು ಮನೆ ದಾಟಿದರೆ ಸೆತ್ಸುಕೊ ಅವರ ಮನೆ. ಎಪ್ಪತ್ತು ದಾಟಿದ ಜಪಾನೀ ಹೆಂಗಸು. ಹಿಮದ ನಾಡಾದ ನೀಗಾತದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಗಂಡನ ಮನೆಯವರು ಸೇವಂತಿಗೆ ಬೆಳೆಯುತ್ತಿದ್ದ ತೋಟವೆಲ್ಲ ಅಪಾರ್ಟ್‌ಮೆಂಟಾಗಿ, ಒಂದು ಮನೆ, ಒಂದು ಪರ್ಸಿಮನ್ ಮರ ಉಳಿದಿತ್ತು. ಡಿಸೆಂಬರು ಬಂದರೆ ಆ ಹಣ್ಣುಗಳ ಸಿಪ್ಪೆ ಹೆರೆದು, ದಾರಕ್ಕೆ ಪೋಣಿಸಿ ಜಗಲಿಯ ತುಂಬ ತೂಗುಹಾಕುವರು. ದಿನಕ್ಕೊಮ್ಮೆ ಒಂದೊಂದನ್ನೂ ಬೆರಳಲ್ಲಿ ಮೆಲ್ಲಗೆ ಹಿಸುಕುವರು. ಕೂಸಿನ ಕಾಲು ನೀವಿದ ಹಾಗೆ. ಹಾಗೆ ನೀವಿದರೆ ಹಣ್ಣಿನ ಸಕ್ಕರೆ ಹೊರಬಂದು ಮೇಲೆಲ್ಲ ಬಿಳಿ ಹಿಟ್ಟು ಕೂರುತ್ತದಂತೆ.

ರಮಾ ಚಕ್ಕುಲಿ ಕೊಟ್ಟುಬರಲು ಹೋದಾಗ ಆಕೆ ಕೇಳಿದರಂತೆ: “ನಿಮ್ಮ ಮನೇಲಿ ಒಬ್ಬರು ಪದ್ಯ ಹೇಳ್ತಿರ್ತಾರಲ್ಲ, ಅವರನ್ನ ಯಾರೋ ಪದೇ ಪದೇ ಬಾಯಿ ಮುಚ್ಚಿಸ್ತಾರೆ. ಯಾಕೆ?” ಪಾಜ್ ಗುಂಡಿಯ ವಿಷಯ. ರಮಾ ಎಲ್ಲ ಹೇಳಿದರು. ಆಕೆ ಕೇಳಿ, ‘ಅಯ್ಯೋ ಪಾಪ’ ಎನ್ನಲಿಲ್ಲ. “ಮಂಗಳವಾರ ನನ್ನ ಜೊತೆ ಬನ್ನಿ” ಎಂದರು.

ರಮಾ ನನ್ನನ್ನೂ ಕರೆದುಕೊಂಡು ಹೋದರು. ಸ್ಯಾನ್ ಹೊಸೆಯ ಜಪಾನ್‌ಟೌನಿನಲ್ಲಿ ಒಂದು ಸಣ್ಣ ಕೋಣೆ. ಐದಾರು ಮಂದಿ ಮುದುಕಿಯರು. ಮೊಣಕಾಲು ನೋವೆಂದು ನೆಲ ಬಿಟ್ಟು ಕುರ್ಚಿಯಲ್ಲಿ ಕೂತಿದ್ದರು. ಅವರದು ಶಿಗಿನ್ ಎಂಬ ವಿದ್ಯೆ. ಹಳೆಯ ನಾಲ್ಕು ಸಾಲಿನ ಪದ್ಯಗಳನ್ನು ದನಿ ಎಳೆದು ಓದುವುದು. ಒಬ್ಬಾಕೆ ಎದ್ದು ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟು ಹಿಮದ ಮೇಲಿನ ಪದ್ಯವೊಂದನ್ನು ಶುರು ಮಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಸಾಲಿನ ತುದಿಯಲ್ಲಿ ದನಿ ತೂಗಿ ತೂಗಿ ಇಳಿಯುವಾಗ ಮೈಮೇಲೆ ಮುಳ್ಳೆದ್ದವು. ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಮ್ಮ ಚಾವಡಿಯಲ್ಲೂ ಹೊಡೆಯುತ್ತಿರಲಿಲ್ಲ. ನನ್ನ ಕೈ ತಾನಾಗಿ ಮುಗಿದುಕೊಂಡಿತು.

ಸೆತ್ಸುಕೊ ರಮಾ ಅವರ ಕಡೆ ತಿರುಗಿದರು. ರಮಾ ಚೀಲದಿಂದ ಕ್ಯಾಸೆಟ್ಟು ತೆಗೆದರು. “ಮೊದಲು ಹೇಗಿತ್ತು ಅಂತ ಕೇಳಿಸ್ತೀನಿ.”

“ಅವರು ಬೇಡ. ನೀವು ಹೇಳಿ.”

ರಮಾ ಎದ್ದು ನಿಂತರು. ಷಟ್ಪದಿಗೆ ಆರು ಸಾಲು. ಮೂರನೆಯದೂ ಆರನೆಯದೂ ಉದ್ದ. ಮೊದಲೆರಡು ಸಾಲು ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ಮೂರನೆಯದರಲ್ಲಿ ಒಂದೇ ಉಸಿರಿಗೆ ಅಷ್ಟುದ್ದಕ್ಕೂ ಹಾಸಿಕೊಳ್ಳಬೇಕು. ಅದೇ ಅದರ ಅಂದ.

*ಕರೆದಳಾಕೆಯು ಹೊಳೆಯ ದಡದಲಿ*
*ಹರಿವ ನೀರಿನ ಮೊರೆತ ಮೀರುತ*
*ತಿರುಗಿ ನೋಡಿದಳಲ್ಲಿ ದೋಣಿಯು ಬರುತಲಿದ್ದುದದೇ*

‘ದೋಣಿಯು’ ಎನ್ನುವಷ್ಟರಲ್ಲಿ ದನಿ ಕಡಿದುಹೋಯಿತು. ಬಾಯಿ ಆಡುತ್ತಿತ್ತು, ಸದ್ದಿಲ್ಲ. ರಮಾ ಕೂತುಬಿಟ್ಟರು. ಮುದುಕಿಯರು ಯಾರೂ ಮುಖ ತಿರುಗಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಬ್ಬಾಕೆ ಚಹಾ ಬಗ್ಗಿಸಿದರು.

“ಜನವರೀಲಿ ನಾವು ಹಿಮದ ಬೆಟ್ಟಕ್ಕೆ ಹೋಗ್ತೀವಿ,” ಎಂದರು ಸೆತ್ಸುಕೊ. “ಕಾನ್‌ಗೇಕೊ. ವರ್ಷದಲ್ಲೇ ಕಡುಚಳಿಯ ಹೊತ್ತಿನಲ್ಲಿ ಮಾಡೋ ಸಾಧನೆ. ನಮ್ಮೂರಲ್ಲಿ ಹಾಡೋರು, ಕತ್ತಿ ಹಿಡಿಯೋರು ಎಲ್ಲ ಮಾಡ್ತಾರೆ. ಸೂರ್ಯ ಹುಟ್ಟೋ ಮುಂಚೆ ಹೊರಗೆ ನಿಂತು ಪದ್ಯ ಹೇಳಬೇಕು. ನೀವೂ ಬನ್ನಿ.”

ಈ ಮಾತು ಕೇಳಿ ಶೇಷಗಿರಿ ಕೂಗಾಡಲಿಲ್ಲ, ನಕ್ಕುಬಿಟ್ಟರು. “ಚಳಿಗೆ? ಹಿಮಕ್ಕೆ? ಫ್ರಿಜ್ಜಿನ ಬಾಗಿಲು ತೆಗೆದ್ರೆ ನಾನು ಅಡ್ಡ ನಿಲ್ತೀನಿ, ಇವಳು ಹಿಮಾಲಯಕ್ಕೆ ಹೊರಟಿದಾಳೆ!” ಆದರೆ ರಮಾ ಡಾಕ್ಟರಿಗೆ ಫೋನು ಮಾಡಿ ಕೇಳಿಯಾಗಿತ್ತು. ಮೂಗಿನಲ್ಲಿ ಉಸಿರಾಡಿ, ಕಿರುಚಬೇಡಿ, ಬೆಚ್ಚಗಿರಿ, ಹೋಗಿಬನ್ನಿ ಎಂದರಂತೆ. ಕೊನೆಗೆ ಶೇಷಗಿರಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, “ನೀವಾದ್ರೂ ಜೊತೆಗಿರಿ ಜವರಮ್ಮ. ಅವಳ ಆಸೆ ದೊಡ್ಡದು, ಅದೇ ನನ್ನ ಭಯ” ಎಂದರು.

ಇಸವಿ ಎರಡು ಸಾವಿರ ಬಂತು. ಪ್ರಪಂಚ ಮುಳುಗಲಿಲ್ಲ, ಒಂದು ಬಲ್ಬೂ ಆರಲಿಲ್ಲ. ಶೇಷಗಿರಿ ಎರಡು ದಿನ ಮಲಗಿ ನಿದ್ದೆ ಮಾಡಿದರು. ಸಂಕ್ರಾಂತಿಗೆ ಒಂದು ವಾರ ಇರುವಾಗ ನಾವು ಹೊರಟೆವು. ನನ್ನ ವ್ಯಾನಿನಲ್ಲಿ ರಮಾ, ಸೆತ್ಸುಕೊ, ಅವರ ಗೆಳತಿ ಫುಮಿ. ಮಿಕ್ಕವರು ಇನ್ನೊಂದು ಕಾರಿನಲ್ಲಿ.

ಸ್ಯಾಕ್ರಮೆಂಟೊ ದಾಟುವ ತನಕ ಹಸಿರು, ಮಂಜು. ಆಮೇಲೆ ರಸ್ತೆ ಏರತೊಡಗಿತು. ಪೈನ್ ಮರಗಳ ಬುಡದಲ್ಲಿ ಮೊದಲು ಸುಣ್ಣ ಚೆಲ್ಲಿದ ಹಾಗೆ, ಆಮೇಲೆ ಹತ್ತಿ ರಾಶಿ ಹಾಕಿದ ಹಾಗೆ ಹಿಮ. ಫ್ರೀವೇ ಮೇಲೆ ಎಲ್ಲರನ್ನೂ ನಿಲ್ಲಿಸಿ ಟಯರಿಗೆ ಸರಪಳಿ ಕಟ್ಟಿಸುತ್ತಿದ್ದರು. ನಾನು ನೆಲದ ಮೇಲೆ ಮಂಡಿಯೂರಿ ಒದ್ದಾಡುತ್ತಿದ್ದೆ. ಫುಮಿ ಕಿಟಕಿ ಇಳಿಸಿ, “ಹಸುವಿಗೆ ಹಗ್ಗ ಕಟ್ಟೋಕೆ ಬರುತ್ತೆ ಅಂದಿದ್ದೆಯಲ್ಲ?” ಎಂದರು.

“ಹಸು ಕಾಲು ಎತ್ತಿಕೊಡ್ತದೆ ಅಜ್ಜಿ, ಇದು ಎತ್ತಿಕೊಡಲ್ಲ!”

ರಮಾ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಮತ್ತೆ ಹೊರಟಾಗ ಮೆಲ್ಲಗೆ ಹೇಳಿದರು: “ಧನುರ್ಮಾಸ ಅಲ್ವಾ ಜವರಮ್ಮ. ಈ ಚಳೀಲಿ ಬೆಳಗಿನ ಜಾವ ಎದ್ದು ಕೇಳಿದ್ರೆ ದೇವರು ಇಲ್ಲ ಅನ್ನಲ್ಲ ಅಂತ ನಮ್ಮಮ್ಮ ಹೇಳ್ತಿದ್ರು. ಹಳೇ ದನಿ ಕೊಡು ಅಂತ ಕೇಳ್ಕೊಳ್ತೀನಿ. ಇನ್ನೇನೂ ಬೇಡ.” ನಾನು ರಸ್ತೆ ನೋಡುತ್ತ ಹೂಂ ಎಂದೆ. ಶೇಷಗಿರಿಯವರ ಭಯ ಏನೆಂದು ಆಗ ತಿಳಿಯಿತು.

ನಾವು ಇಳಿದದ್ದು ಟ್ರಕಿ ಎಂಬ ಊರಿನ ಹತ್ತಿರ, ಫುಮಿಯವರ ಮಗನ ಮರದ ಮನೆಯಲ್ಲಿ. ಒಳಗೆ ಒಂದು ಗಿಡ್ಡ ಮೇಜು. ಅದರ ಕೆಳಗೆ ಸಣ್ಣ ವಿದ್ಯುತ್ ಒಲೆ, ಮೇಲಿಂದ ನೆಲದವರೆಗೂ ಇಳಿಬಿಟ್ಟ ದಪ್ಪ ರಜಾಯಿ. ಕೊತಾತ್ಸು ಅಂತೆ. ಸುತ್ತ ಕೂತು ಎಲ್ಲರೂ ಕಾಲನ್ನು ಆ ಒಂದೇ ರಜಾಯಿಯೊಳಗೆ ತೂರಿಸಬೇಕು. ಯಾರ ಕಾಲು ಯಾರದೋ. ನಮ್ಮೂರಲ್ಲಿ ಚಳಿಗಾಲಕ್ಕೆ ಅಗ್ಗಿಷ್ಟಿಕೆಯ ಸುತ್ತ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಮುಖ ಬೆಚ್ಚಗೆ, ಬೆನ್ನು ತಣ್ಣಗೆ. ಇದು ಉಲ್ಟಾ. ಕಾಲಿನಿಂದ ಬೆಚ್ಚಗಾಗುತ್ತ ಬಂದು, ಮಾತು ತಾನಾಗಿ ನಿಧಾನವಾಗುತ್ತದೆ. ಮೇಜಿನ ಮೇಲೆ ಕಿತ್ತಳೆ, ಬಿಳಿ ಹಿಟ್ಟು ಕೂತ ಪರ್ಸಿಮನ್, ಹಬೆಯಾಡುವ ಚಹಾ. ನಮಗಾಗಿ ಮೀನಿಲ್ಲದ ಸಾರನ್ನು ಬೇರೆ ಪಾತ್ರೆಯಲ್ಲೇ ಮಾಡಿದ್ದರು. ರಮಾ ಮನೆಯಿಂದ ತಂದ ಹುಗ್ಗಿಯನ್ನು ಅಜ್ಜಿಯರು ಬಾಯಿ ಚಪ್ಪರಿಸಿ ತಿಂದರು. ಮೆಣಸಿನ ಕಾಳು ಕಚ್ಚಿ ಫುಮಿಯ ಕಣ್ಣಲ್ಲಿ ನೀರು. “ಇದೇ ನಿಜವಾದ ಕಾನ್‌ಗೇಕೊ!” ಎಂದರು.

ಕಿಟಕಿಯ ಆಚೆ ಸದ್ದಿಲ್ಲದೆ ಹಿಮ ಬೀಳುತ್ತಿತ್ತು. ಅಜ್ಜಿಯರು ಮಾತು ನಿಲ್ಲಿಸಿ ಸುಮ್ಮನೆ ಅದನ್ನು ನೋಡುತ್ತ ಕೂತರು. ಹಿಮ ನೋಡುವುದೂ ಅವರಿಗೆ ಒಂದು ಕೆಲಸ. ಮಳೆಯಾದರೆ ಸದ್ದು ಮಾಡಿ ಕರೆಯುತ್ತದೆ. ಇದನ್ನು ನಾವೇ ಹೋಗಿ ಮಾತಾಡಿಸಬೇಕು. ಚಳಿ ಎಂದರೆ ಮುಚ್ಚಿಕೊಳ್ಳುವುದು, ಓಡುವುದು ಎಂದು ತಿಳಿದಿದ್ದ ನನಗೆ, ಚಳಿಯನ್ನು ಹೀಗೆ ಅತಿಥಿಯ ಹಾಗೆ ಕೂರಿಸಿಕೊಳ್ಳುವವರನ್ನು ಕಂಡು ಹೊಟ್ಟೆಕಿಚ್ಚಾಯಿತು.

ಬೆಳಗಿನ ಜಾವ ಸೆತ್ಸುಕೊ ಎಬ್ಬಿಸಿದರು. ರಮಾ ಆಗಲೇ ಸ್ನಾನ ಮಾಡಿ, ಕುಂಕುಮವಿಟ್ಟು ಸಿದ್ಧರಾಗಿದ್ದರು. ಹೊರಗೆ ಹಿಮ ನಿಂತಿತ್ತು. ಆಕಾಶ ಒಂದು ಪಕ್ಕ ತಿಳಿಯಾಗುತ್ತಿತ್ತು, ನೆಲವೆಲ್ಲ ಹಾಲು. ಅಜ್ಜಿಯರು ಅರ್ಧಚಂದ್ರವಾಗಿ ನಿಂತರು. ಒಬ್ಬೊಬ್ಬರೇ ಮುಂದೆ ಬಂದು ಒಂದೊಂದು ಪದ್ಯ. ವಿಚಿತ್ರವೆಂದರೆ ಕೇಳುವವರು ಯಾರೂ ನಮ್ಮ ಹಾಗೆ ಕಣ್ಣು ಮುಚ್ಚಿರಲಿಲ್ಲ. ಎಲ್ಲರೂ ಹೇಳುವವರ ಬಾಯನ್ನೇ ನೋಡುತ್ತಿದ್ದರು.

ರಮಾ ಮುಂದೆ ಬಂದು ಕೈ ಮುಗಿದು, ಶಾಲು ಸರಿಸಿ, ಎದೆ ತುಂಬ ಉಸಿರೆಳೆದು ‘ಕರೆದಳಾಕೆಯು’ ಎಂದರು. ಬಾಯಿಂದ ರೈಲಿನ ಹೊಗೆಯ ಹಾಗೆ ಬುಸ್ಸೆಂದು ಬಿಳಿ ಆವಿ ಹೊರಬಿತ್ತು. ಎರಡನೆಯ ಸಾಲಿಗೆ ಅರ್ಧವಾಯಿತು. ಮೂರನೆಯದಕ್ಕೆ ಬಾಯಿ ತೆರೆದಿದೆ, ಕತ್ತಿನ ನರ ಉಬ್ಬಿದೆ, ಆವಿಯೇ ಇಲ್ಲ. ‘ದೋಣಿಯು’ ಎನ್ನುವಲ್ಲಿ ದನಿ ಬಿತ್ತು.

“ಕೊಡಲಿಲ್ಲ,” ಎಂದರು ರಮಾ. ಕನ್ನಡದಲ್ಲೇ, ಯಾರಿಗೆಂದಿಲ್ಲದೆ.

ಸೆತ್ಸುಕೊ ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ತಿಳಿಸಿದೆ: ಹಳೆಯ ದನಿಗಾಗಿ ಈ ಚಳಿಯಲ್ಲಿ ಪ್ರಾರ್ಥಿಸಿಕೊಂಡು ಬಂದಿದ್ದಾರೆ.

ಆಕೆ ನಿಧಾನಕ್ಕೆ ಹತ್ತಿರ ಬಂದು ರಮಾ ಅವರ ಕೈ ಹಿಡಿದರು. “ಚಳಿ ಗಂಟಲಿಗೆ ಏನೂ ಕೊಡಲ್ಲ ಮಗಳೇ. ಕೆಡಿಸಬಹುದು ಅಷ್ಟೇ. ನಾನು ಕರೆದದ್ದು ಅದಕ್ಕಲ್ಲ. ಕ್ಯಾಂಪ್‌ಬೆಲ್ಲಿನಲ್ಲಿ ಉಸಿರು ಕಾಣಲ್ಲ. ಇಲ್ಲಿ ಕಾಣುತ್ತೆ. ಅದಕ್ಕೇ ಇಷ್ಟು ದೂರ ಬರೋದು.”

ರಮಾ ಕೆನ್ನೆಯ ಮೇಲೆ ಇಳಿದ ನೀರನ್ನು ಉಣ್ಣೆಯ ಕೈಗವಸಿನಿಂದ ಒತ್ತಿಕೊಂಡರು. ನನಗೆ ಸೆತ್ಸುಕೊ ಮೇಲೆ ಸಿಟ್ಟೇ ಬಂತು. ಇಷ್ಟು ದೂರ ಎಳೆದುಕೊಂಡು ಬಂದು, ಇಲ್ಲ ಎಂದು ಹೇಳುವುದೇ? ಆದರೆ ಆಕೆ ಕೈ ಬಿಡದೆ ಮುಂದುವರಿಸಿದರು:

“ನೋಡು, ಹಳೆಯ ದನಿಗೆ ಬೇಕಾಗಿದ್ದಷ್ಟು ಉಸಿರನ್ನೆಲ್ಲ ನೀನು ಮೊದಲನೇ ಮಾತಿಗೇ ಕೊಟ್ಟುಬಿಡ್ತೀಯ. ನಿನ್ನ ಗಂಟಲು ಈಗ ಬಾಗಿಲು ಪೂರ್ತಿ ಮುಚ್ಚದಿರೋ ಮನೆ. ಒಲೆ ಜೋರಾಗಿ ಉರಿಸಿದ್ರೆ ಏನು ಬಂತು? ಸಣ್ಣಗೆ ಉರಿಸು. ಶ್ರುತಿ ಕೆಳಗಿಂದ ಹಿಡಿ.”

“ಕೆಳಗೆ ಹಿಡಿದ್ರೆ ಅದು ನನ್ನ ದನಿ ಅಲ್ಲ.”

“ಮತ್ತೆ ಯಾರದು? ಇಲ್ಲಿ ನಿಂತಿರೋಳು ನೀನು ತಾನೇ?”

ಫುಮಿ ಅಷ್ಟರಲ್ಲಿ, “ಬೇಗ ತೀರ್ಮಾನ ಮಾಡ್ರಮ್ಮ, ನನ್ನ ಮೂಗು ಉದುರಿಹೋಗುತ್ತೆ” ಎಂದರು. ರಮಾ ಅಳುತ್ತಲೇ ನಕ್ಕುಬಿಟ್ಟರು. ಆ ನಗು ಮುಗಿಯುವ ಮೊದಲೇ, ಯಾವ ಸಿದ್ಧತೆಯೂ ಇಲ್ಲದೆ, ತಗ್ಗಿನಲ್ಲಿ, ಮಗುವಿಗೆ ಹೇಳುವ ಹಾಗೆ ‘ಕರೆದಳಾಕೆಯು’ ಎಂದರು.

ಬಾಯಿಂದ ಊದುಕಡ್ಡಿಯ ಹೊಗೆಯಂಥ ತೆಳ್ಳಗಿನ ಎಳೆ ಬಂತು. ಎರಡನೆಯ ಸಾಲಿಗೂ ಬಂತು. ದನಿ ಒರಟು, ಹಸಿ ಮಣ್ಣಿನಂಥದು, ಆದರೆ ಅಲ್ಲಾಡಲಿಲ್ಲ. ಮೂರನೆಯ ಸಾಲು ‘ದೋಣಿಯು’ ತನಕ ಬಂದು, ಅಲ್ಲಿ ಎಳೆ ಮುಗಿಯಿತು.

“ಅಷ್ಟೇ ಆಗೋದು,” ಎಂದರು ರಮಾ. “ಇನ್ನರ್ಧ ಸಾಲು ಉಳೀತು. ಒಂದುಸಿರಿಗೆ ಇನ್ನು ಯಾವತ್ತೂ ಆಗಲ್ಲ ಅಂತ ಕಾಣುತ್ತೆ.”

“ಅಲ್ಲೇ ಉಸಿರು ತಕ್ಕೊಳಿ,” ಎಂದೆ ನಾನು.

“ಮೂರನೇ ಸಾಲಿನ ನಡುವೆ ನಿಲ್ಲೋ ಹಾಗಿಲ್ಲ ಜವರಮ್ಮ. ಅಪ್ಪ ಇದ್ದಿದ್ರೆ ಬೆತ್ತ ತಗೊಳ್ತಿದ್ರು.”

ನಾನು ಕೇಳುವವಳೇ ಹೊರತು ಹೇಳುವವಳಲ್ಲ. ಆದರೂ ಆ ಹೊತ್ತು ಬಾಯಿ ಸುಮ್ಮನಿರಲಿಲ್ಲ. “ನಿಮ್ಮಪ್ಪಾರು ದೊಡ್ಡೋರು, ಸರಿ. ನಮ್ಮೂರಲ್ಲಿ ಓದ್ತಿದ್ದ ವಿರುಪಾಕ್ಷಪ್ಪನೋರಿಗೆ ಉಬ್ಬಸ. ‘ತಿರುಗಿ ನೋಡಿದಳಲ್ಲಿ ದೋಣಿಯು’ ಅಂದು ನಿಂತ್ಕಂಡು ಬಿಡೋರು. ಎದೆ ಗೊರಗೊರ ಅನ್ನೋದು. ಇಡೀ ಚಾವಡಿ ಹಿಂಗೆ ಮುಂದಕ್ಕೆ ಬಗ್ತಿತ್ತು. ದೋಣಿ ಮುಳುಗೋಯ್ತಾ, ಐತಾ? ಕಥೆ ಎಲ್ಲಾರ್ಗೂ ಗೊತ್ತು, ಆದ್ರೂ ಪ್ರತಿ ವರ್ಷ ಜೀವ ಕೈಲಿ ಹಿಡ್ಕಂಡು ಕೂತಿರ್ತಿದ್ವಿ. ಆಮೇಲೆ ಅವ್ರು ಉಸಿರೆಳೆದು ‘ಬರುತಲಿದ್ದುದದೇ’ ಅನ್ನೋರು. ನಮ್ಮ ತಾತ ‘ಬಂತಪ್ಪಾ ಸ್ವಾಮಿ’ ಅಂತಿತ್ತು. ನಿಮ್ಮ ಕ್ಯಾಸೆಟ್ಟಲ್ಲಿ ಒಂದೇ ಉಸಿರಿಗೆ ದೋಣಿ ಬಂದ್ಬಿಡ್ತದೆ. ಚೆಂದ ಐತೆ. ಭಯ ಆಗಲ್ಲ.”

ರಮಾ ನನ್ನ ಕಡೆ ತಿರುಗಿದರು. “ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?”

“ನೀವು ಯಾವತ್ತು ನಿಂತಿದ್ರಿ, ಹೇಳಕ್ಕೆ?”

ಮತ್ತೆ ಶುರುಮಾಡಿದರು. ಈ ಸಲ ‘ದೋಣಿಯು’ ಎಂದು ನಿಂತರು. ಬಿದ್ದು ನಿಂತದ್ದಲ್ಲ, ಬೇಕೆಂದು ನಿಂತದ್ದು. ಬಾಯಿ ಮುಚ್ಚಿ ಮೂಗಿನಿಂದ ಉಸಿರೆಳೆದರು. ಒಂದಕ್ಷರ ಕನ್ನಡ ತಿಳಿಯದ ಆ ಮುದುಕಿಯರೆಲ್ಲ ಹಿಮದಲ್ಲಿ ಒಂದು ಹೆಜ್ಜೆ ಮುಂದಿಟ್ಟು ಬಗ್ಗಿದರು. ‘ಬರುತಲಿದ್ದುದದೇ’ ಎಂದಾಗ ಬಿಳಿ ಎಳೆ ಬಾಯಿಂದ ಹೊರಟು, ಕೊನೆಯ ದೀರ್ಘದ ತನಕ ಕಡಿಯದೆ ಹೋಯಿತು.

ಸಂಕ್ರಾಂತಿಯ ಸಂಜೆ ಮಧುಕರ್ ಮನೆ ತುಂಬಿತ್ತು. ಮಕ್ಕಳು ಎಳ್ಳುಬೆಲ್ಲದ ಪೊಟ್ಟಣ ಹಿಡಿದು ‘ಹ್ಯಾಪಿ ಸಂಕ್ರಾಂತಿ’ ಎನ್ನುತ್ತ ಓಡಾಡುತ್ತಿದ್ದವು. ವ್ಯಾಸಪೀಠದ ಪಕ್ಕದಲ್ಲಿ ಟೇಪ್‌ರೆಕಾರ್ಡರನ್ನೂ ಇಟ್ಟಿದ್ದರು, ಕ್ಯಾಸೆಟ್ಟು ಹಾಕಿ, ಆ ಪದ್ಯದ ಜಾಗಕ್ಕೆ ಸರಿಯಾಗಿ ತಿರುಗಿಸಿ. “ಇರಲಿ ಅಂತ,” ಎಂದರು ಶೇಷಗಿರಿ ನನ್ನ ಕಡೆ ನೋಡದೆ.

ರಮಾ ಶಾಲನ್ನು ಮಡಿಸಿ ಪಕ್ಕಕ್ಕಿಟ್ಟು ಕೂತರು. ಶ್ರುತಿಪೆಟ್ಟಿಗೆಯ ಶ್ರುತಿಯನ್ನು ತಗ್ಗಿಗೆ ಇಳಿಸಿದರು. ಕೆಲವರು ಮುಖಮುಖ ನೋಡಿಕೊಂಡರು. ಮೊದಲ ಸಾಲು ಬಂತು, ತಗ್ಗಿದ ದನಿಯಲ್ಲಿ. ನನ್ನ ಪಕ್ಕದಾಕೆ “ಅಯ್ಯೋ” ಎಂದು ಉಸುರಿದಳು. ಎರಡನೆಯ ಸಾಲಿಗೆ ಮಕ್ಕಳ ಗಲಾಟೆ ನಿಂತಿತು. ಸಣ್ಣ ದನಿಯಾದ್ದರಿಂದ ಕೇಳಬೇಕಾದರೆ ಸುಮ್ಮನಿರಲೇಬೇಕಿತ್ತು.

‘ತಿರುಗಿ ನೋಡಿದಳಲ್ಲಿ ದೋಣಿಯು...’

ರಮಾ ನಿಂತರು.

ಶೇಷಗಿರಿ, ಹೆಂಡತಿಯ ದನಿ ಬಿತ್ತು ಎಂದೇ ತಿಳಿದರು ಪಾಪ. ಒಂದು ಕ್ಷಣವೂ ಬಿಡದೆ, ಮಗುವನ್ನು ಬಾಚಿ ಎತ್ತಿಕೊಳ್ಳುವವರ ಹಾಗೆ ನೆಟ್ಟಗಾಗಿ, ದೊಡ್ಡ ಗಂಟಲಿನಲ್ಲಿ ಅರ್ಥ ಹೇಳಲು ಶುರುಮಾಡಿದರು: “ಅಂದರೆ, ಆ ಸಾಧ್ವಿಯು ಪ್ರವಾಹದ ನಡುವೆ ತನ್ನ ಪತಿಯ ದೋಣಿಯನ್ನು...”

ರಮಾ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು. “ತಾಳಿ. ನಾನಿನ್ನೂ ಮುಗಿಸಿಲ್ಲ.”

ಯಾರೋ ಕಿಸಕ್ಕೆಂದರು. ಶೇಷಗಿರಿಯ ಬಾಯಿ ತೆರೆದಂತೆಯೇ ಇತ್ತು. ರಮಾ ಅವಸರ ಮಾಡಲಿಲ್ಲ. ಮತ್ತೆ ಮೊದಲ ಸಾಲಿನಿಂದ ಹಿಡಿದರು. ಎರಡನೆಯದಕ್ಕೆ ಬಂದರು. ಮೂರನೆಯದರಲ್ಲಿ ಮತ್ತೆ ‘ದೋಣಿಯು’ ಎಂದು ನಿಂತರು.

ಈ ಸಲ ಇಡೀ ಮನೆ ನಿಂತಿತು. ಎಳ್ಳು ಅಗಿಯುವ ಸದ್ದೂ ಇಲ್ಲ. ರಮಾ ಉಸಿರೆಳೆಯುವುದು ಎಲ್ಲರಿಗೂ ಕೇಳಿಸಿತು. ಅದು ಕ್ಯಾಸೆಟ್ಟಿನಲ್ಲಿ ಎಂದೂ ಕೇಳಿಸಿರದ ಸದ್ದು. ಶೇಷಗಿರಿ ಹೆಂಡತಿಯ ಕಡೆಗೆ ಬಗ್ಗಿದ್ದರು, ಕೈ ನೆಲಕ್ಕೆ ಊರಿ. ಮುಂದೇನೆಂದು ಗೊತ್ತಿಲ್ಲದವರ ಹಾಗೆ.

‘...ಬರುತಲಿದ್ದುದದೇ.’

ಬಂಗಾರೆವ್ವ “ಯಪ್ಪಾ ತಂದೀ” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ರಮಾ ಮುಂದಿನ ಮೂರು ಸಾಲನ್ನೂ ಹಾಗೆಯೇ ದಾಟಿಸಿದರು, ಆರನೆಯದನ್ನು ಎರಡು ಉಸಿರಿನಲ್ಲಿ. ಒಂದು ಕಡೆ ದನಿ ಸೀಳಿತು. ಅವರು ಅದನ್ನು ಮುಚ್ಚಿಡಲು ಹೋಗಲಿಲ್ಲ, ಕಲ್ಲು ಸಿಕ್ಕ ಜಾಗದಲ್ಲಿ ನೀರು ಬಳಸಿಕೊಂಡು ಹೋಗುವ ಹಾಗೆ ಹೋದರು. ಪದ್ಯ ಮುಗಿಯಿತು.

ಶೇಷಗಿರಿ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಅರ್ಥ ಹೇಳಲು ಬಾಯಿ ತೆರೆದರು.

“ತಡೀರಿ ತಮ್ಮಾ,” ಎಂದರು ಬಂಗಾರೆವ್ವ. “ಆಕಿ ಮುಗಿಸ್ಯಾಳೋ, ಉಸಿರು ತಗೊಳ್ಳಾಕ ಹತ್ಯಾಳೋ, ಕೇಳಿ ಆಮ್ಯಾಲೆ ಮಾತಾಡ್ರಿ.”

ಎಲ್ಲರೂ ರಮಾ ಕಡೆ ನೋಡಿದರು. ಗಂಡನೂ ನೋಡಿದರು. ಅವರು ಒಂದು ಗುಟುಕು ನೀರು ಕುಡಿದು, ಹಾಳೆ ಮಗುಚಿ, ಮುಂದಿನ ಪದ್ಯಕ್ಕೆ ಉಸಿರೆಳೆದುಕೊಂಡರು.